ದೋಣಿಯ ಫ್ರಿಜ್ಜಿನ ಕಾವಲು

ಕೆರೆಯ ಹಿಂಬದಿ ಮನೆ,
ತಿಪ್ಪಸಂದ್ರ ಹೋಬಳಿ, ಮಾಗಡಿ ತಾಲ್ಲೂಕು
ಶುಕ್ರವಾರ, 12 ಸೆಪ್ಟೆಂಬರ್ 2025

ಪ್ರೀತಿಯ ಅನಂತಣ್ಣನಿಗೆ,

ಹೇಗಿದ್ದೀಯ? ಹೋದ ಸಲ ಫೋನಿನಲ್ಲಿ ಮಾತಾಡುವಾಗ ನೀನು ನಡುನಡುವೆ ಕೆಮ್ಮುತ್ತಿದ್ದೆ. ಹಡಗಿನ ನೀರೇ ಸರಿಯಿಲ್ಲ ಎಂದು ಅವ್ವ ಅವತ್ತೇ ತೀರ್ಮಾನ ಮಾಡಿಬಿಟ್ಟಿದ್ದಾಳೆ. ಮೆಣಸು, ಒಣಶುಂಠಿ ಪುಡಿ ಮಾಡಿ ಡಬ್ಬಿಗೆ ತುಂಬಿಟ್ಟು, ಯಾರ ಕೈಯಲ್ಲಿ ಕಳಿಸುವುದು ಎಂದು ದಿನಾ ಕೇಳುತ್ತಾಳೆ. ಗೌರಿ ಹಬ್ಬಕ್ಕೆ ನೀನು ಬರುತ್ತೀಯ ಎಂದು ಎತ್ತಿಟ್ಟಿದ್ದ ಒಬ್ಬಟ್ಟನ್ನು ಕೊನೆಗೆ ನಾನೇ ತಿಂದೆ. ಅವಳ ಮಂಡಿನೋವು ಇದ್ದ ಹಾಗೇ ಇದೆ, ಹೆಚ್ಚಾಗಿಲ್ಲ. ಅಪ್ಪ ಚೆನ್ನಾಗಿದ್ದಾರೆ. ಅವರು ಚೆನ್ನಾಗಿರುವುದೇ ಈಗ ನನ್ನ ಕಷ್ಟ, ಏಕೆಂದರೆ ಮೈ ಚೆನ್ನಾಗಿರುವಾಗ ಅವರು ಯಾರ ಮಾತನ್ನೂ ಕೇಳುವುದಿಲ್ಲ. ಜ್ವರ ಬಂದಾಗ ಮಾತ್ರ ಒಸಿ ಕೇಳುತ್ತಾರೆ ಎಂದು ಅವ್ವ ಹೇಳುವುದು ಸುಳ್ಳಲ್ಲ.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಿನ್ನ ಹಡಗು ಬಂದರಿಗೆ ಬಂದಾಗ ಮಾತ್ರ ನಿನಗೆ ಸಿಗ್ನಲ್ ಸಿಗುವುದು, ಆ ಹೊತ್ತಿಗೆ ಫೋನು ಅಪ್ಪನ ಕೈಯಲ್ಲಿರುತ್ತದೆ. ಸ್ಪೀಕರ್ ಬೇರೆ ಹಾಕಿರುತ್ತಾರೆ. ಅವರ ಎದುರಿಗೆ ಕೂತು ಅವರ ಮೇಲೇ ದೂರು ಹೇಳುವ ಧೈರ್ಯ ನನಗಿಲ್ಲ, ನಿನಗೆ ಗೊತ್ತು. ಜಗಳವಾಡಬೇಕಾದ ಜಾಗದಲ್ಲಿ ನನಗೆ ಮಾತು ಹೊರಡುವುದಿಲ್ಲ, ಆಮೇಲೆ ಹಿತ್ತಿಲಿಗೆ ಹೋದಾಗ ಎಲ್ಲ ಉತ್ತರಗಳೂ ಹೊಳೆಯುತ್ತವೆ. ಹಾಗಾಗಿ ಬರೆಯುತ್ತಿದ್ದೇನೆ. ಮಂಗಳೂರಿನ ನಿಮ್ಮ ಏಜೆಂಟರ ಆಫೀಸಿನ ವಿಳಾಸಕ್ಕೆ ಹಾಕುತ್ತೇನೆ, ಹಡಗು ಬಂದಾಗ ಕೊಡುತ್ತಾರೆ ಎಂದು ನೀನೇ ಹೇಳಿದ್ದೆ.

ಮೊದಲು ಒಳ್ಳೆಯ ಸುದ್ದಿ. ಕನಕಪುರದ ಒಂದು ಕಾಲೇಜಿನಲ್ಲಿ ಕನ್ನಡಕ್ಕೆ ಅತಿಥಿ ಉಪನ್ಯಾಸಕಿಯಾಗಿ ನನ್ನನ್ನು ತೆಗೆದುಕೊಂಡಿದ್ದಾರೆ. ಸಂದರ್ಶನದಲ್ಲಿ ಪ್ರಾಂಶುಪಾಲರು ನನ್ನ ಉತ್ತರ ಕೇಳಲು ಮೇಜಿನ ಮೇಲೆ ಬಗ್ಗಬೇಕಾಯಿತು. ಕೊನೆಯ ಬೆಂಚಿಗೆ ಕೇಳಿಸುತ್ತದೇನಮ್ಮ ಎಂದರು. ಕೇಳಿಸುತ್ತದೆ ಸಾರ್ ಎಂದು ನಾನು ಅಷ್ಟೇ ಮೆಲ್ಲಗೆ ಹೇಳಿದೆ. ಆದರೂ ತೆಗೆದುಕೊಂಡರು. ಬರುವ ಸೋಮವಾರ ಬೆಳಿಗ್ಗೆ ಹಾಜರಾಗಬೇಕು, ಇಲ್ಲವಾದರೆ ಪಟ್ಟಿಯಲ್ಲಿ ನನ್ನ ಹಿಂದಿರುವವರನ್ನು ಕರೆಯುತ್ತಾರೆ. ಇಲ್ಲಿಂದ ದಿನಾ ಓಡಾಡುವ ದೂರವಲ್ಲ, ಅಲ್ಲೇ ಹಾಸ್ಟೆಲಿನಲ್ಲಿ ಮಂಚ ಗೊತ್ತು ಮಾಡಿಕೊಂಡಿದ್ದೇನೆ. ಈ ಸುದ್ದಿ ಹೇಳಿದಾಗ ಅಪ್ಪ ತಟ್ಟೆಯಿಂದ ತಲೆ ಎತ್ತದೆ, "ಓಗು, ಯಾರ್ ಬ್ಯಾಡ ಅಂದ್ರು? ಫ್ರಿಜ್ ನೋಡ್ಕಳಕ್ಕೆ ಒಬ್ಬುರ್ನ ಉಡುಕ್ಬುಟ್ಟು ಓಗು," ಎಂದರು. ಅವ್ವ ಮುದ್ದೆ ಬಡಿಸುತ್ತಿದ್ದವಳು, "ಆ ಪೆಟ್ಗೆ ಕಾಯ್ಲಿ ಅಂತ್ಲಾ ಅವ್ಳ್ನ ಅಷ್ಟ್ ಓದ್ಸಿದ್ದು?" ಎಂದಳು. ಅವತ್ತಿನಿಂದ ಮನೆಯಲ್ಲಿ ಯಾರೂ ನನ್ನ ಕೆಲಸದ ವಿಷಯ ಎತ್ತಿಲ್ಲ, ಎಲ್ಲರೂ ಫ್ರಿಜ್ಜಿನ ವಿಷಯವನ್ನೇ ಮಾತಾಡುತ್ತಿದ್ದೇವೆ.

ಅಣ್ಣ, ನೀನು ಆ ದೋಣಿ ತಂದ ದಿನ ನನಗೆ ಚೆನ್ನಾಗಿ ನೆನಪಿದೆ. ಬಿಡದಿ ಕಡೆ ಯಾವುದೋ ರೆಸಾರ್ಟ್ ಮುಚ್ಚಿಹೋಗಿ ಸಾಮಾನು ಮಾರುತ್ತಿದ್ದಾರೆ ಎಂದು ಹೋದವನು ಲಾರಿಯ ಮೇಲೆ ಬಿಳಿ ಫೈಬರ್ ದೋಣಿಯನ್ನೇ ಹೇರಿಕೊಂಡು ಬಂದೆ. ಸೀಟಿನ ಕೆಳಗೆ ಫ್ರಿಜ್ಜು, ಬಿಚ್ಚಿ ತೆಗೆಯಲು ಬಾರದ ಹಾಗೆ ದೋಣಿಯ ಜೊತೆಯಲ್ಲೇ ಕೂರಿಸಿದ್ದು. ಶ್ರೀಮಂತರ ತಂಪು ಬಾಟಲಿಗಳಿದ್ದ ಜಾಗಕ್ಕೆ ನಮ್ಮ ಕೆರೆಯ ಕಾಟ್ಲಾ, ಜಿಲೇಬಿ ಮೀನು ಬಂದವು. ಕೆಂಪರಾಜ ಕೆರೆಗೆ ಹಡಗು ಬುಟ್ಟವ್ನೆ ಎಂದು ಊರೆಲ್ಲ ಅಪ್ಪನನ್ನು ನೋಡಿ ನಕ್ಕಿತು. ಅಪ್ಪನಿಗೆ ಮಾತ್ರ ಎದೆ ಉಬ್ಬಿತು. ಬೇರೆ ಕೆರೆಗಳ ಗುತ್ತಿಗೆಯವರು ಬಲೆ ಎಳೆದ ಕೂಡಲೇ ಕೊಳ್ಳುವವರನ್ನು ಹುಡುಕಿಕೊಂಡು ಓಡಬೇಕು, ನಮ್ಮ ಮೀನು ಸಂಜೆಯವರೆಗೆ ತಣ್ಣಗೆ ಕಾಯುತ್ತದೆ, ಚನ್ನಪಟ್ಟಣದಿಂದ ಮೀನು ಕೊಳ್ಳುವ ಹಫೀಜಾ ಅವರ ಗಾಡಿ ಬಂದ ಮೇಲೆ ಕೊಟ್ಟರಾಯಿತು ಎಂಬುದು ಅವರ ಹೆಮ್ಮೆ. ಅದು ತಪ್ಪಲ್ಲ. ಮನೆಯ ಫ್ರಿಜ್ಜಿಗೆ ಅವ್ವ ಮೀನು ಸೇರಿಸುವುದೂ ಇಲ್ಲ.

ನೀನು ಎರಡು ದಿನ ದೋಣಿಯಲ್ಲೇ ಮಲಗಿ ವೈರಿಂಗ್ ಮಾಡಿದೆ. ದಡದಲ್ಲಿದ್ದಾಗ ನಮ್ಮ ಪಂಪ್‌ಸೆಟ್ ಮನೆಯಿಂದ ಎಳೆದ ಕರೆಂಟು. ನೀರಿನ ಮೇಲಿದ್ದಾಗ ಮೇಲಿನ ಸೋಲಾರ್ ಪ್ಯಾನೆಲ್ಲು ತುಂಬಿಸುವ ಬ್ಯಾಟರಿ. ಇಂಜಿನ್ ಓಡುವಾಗ ಅದರ ಕರೆಂಟು. ಸ್ವಿಚ್ಚಿನ ಸುತ್ತ ಕೆಂಪು ಪೇಂಟಿನಲ್ಲಿ ದಡ, ಬಿಸಿಲು, ಇಂಜಿನ್ ಎಂದು ಬರೆದೆ. ನನ್ನನ್ನು ಕರೆದು, ಯಾವಾಗ ಯಾವ ಕಡೆ ತಿರುಗಿಸಬೇಕು ಎಂದು ಹೇಳಿಕೊಟ್ಟೆ. ಇಂಜಿನ್ ಎಬ್ಬಿಸುವ ಸೆಲ್ಫ್ ಸ್ಟಾರ್ಟಿಗೂ ಫ್ರಿಜ್ಜಿಗೂ ಇರುವುದು ಒಂದೇ ಬ್ಯಾಟರಿ, ಜೋಪಾನ, ಮುಂದಿನ ಸಲ ಬಂದಾಗ ಇನ್ನೊಂದು ಹಾಕುತ್ತೇನೆ ಎಂದೆ. ನಾಲ್ಕು ದಿನ ನೋಡಿಕೋ, ಅಪ್ಪನಿಗೆ ಅಭ್ಯಾಸವಾಗುತ್ತದೆ ಎಂದೂ ಹೇಳಿದೆ. ಆಮೇಲೆ ಹೂಳೆತ್ತುವ ಹಡಗಿಗೆ ಎಲೆಕ್ಟ್ರಿಷಿಯನ್ ಆಗಿ ಹೊರಟುಹೋದೆ. ನಾಲ್ಕು ದಿನ ಇನ್ನೂ ಮುಗಿದಿಲ್ಲ.

ನನ್ನ ಒಂದು ದಿನ ಹೇಗಿರುತ್ತದೆ ಎಂದು ನಿನಗೆ ಹೇಳಬೇಕು, ಏಕೆಂದರೆ ನೀನು ಅದನ್ನು ನೋಡಿಲ್ಲ. ಪಂಪ್‌ಸೆಟ್ ಕರೆಂಟು ಒಂದು ವಾರ ಹಗಲು, ಒಂದು ವಾರ ರಾತ್ರಿ. ಕೆರೆಯಂಚಿನ ಎಲ್ಲರ ಮೋಟರಿಗೂ ಆಟೋ ಸ್ಟಾರ್ಟರ್ ಇದೆ. ಕರೆಂಟು ಬಂದ ಕ್ಷಣ ಎಲ್ಲವೂ ಒಟ್ಟಿಗೆ ಎದ್ದು ಕೂರುತ್ತವೆ, ವೋಲ್ಟೇಜು ಬಿದ್ದುಹೋಗುತ್ತದೆ, ಫ್ರಿಜ್ಜು ಹೊಟ್ಟೆನೋವು ಬಂದವರ ಹಾಗೆ ನರಳಿ ನಿಲ್ಲುತ್ತದೆ. ಆಗ ನಾನು ಸ್ವಿಚ್ಚು ಬಿಸಿಲಿಗೆ ತಿರುಗಿಸಲು ಓಡಬೇಕು. ಬಿಸಿಲಿನ ಕಥೆ ಏನೆಂದರೆ, ಭಾದ್ರಪದದ ಮೋಡ ಇದ್ದೇ ಇದೆ, ಮೋಡವಿಲ್ಲದ ದಿನ ಪ್ಯಾನೆಲ್ಲಿನ ಮೇಲೆ ಅವ್ವನ ಅಕ್ಕಿ ಸಂಡಿಗೆ ಇರುತ್ತದೆ. ಕೋಳಿ ಹತ್ತದ, ಚೆನ್ನಾಗಿ ಕಾದ, ಇಷ್ಟು ನುಣುಪಾದ ಜಾಗ ಊರಲ್ಲಿ ಇನ್ನೊಂದಿಲ್ಲವಂತೆ. ಕರೆಂಟು ಬರಬೇಕಾದ್ದು ಆ ಬಿಸಿಲಿನಿಂದಲೇ ಎಂದು ಬಿಡಿಸಿ ಹೇಳಿದೆ. "ಸಂಡಿಗೆ ಏನ್ ಬಿಸ್ಲೆಲ್ಲಾ ಕುಡ್ದ್‌ಬುಡ್ತದಾ? ಅದ್ಕೂ ಒಸಿ ಮಿಕ್ತದೆ ಬುಡು," ಎಂದಳು. ಸಂಡಿಗೆ ಎತ್ತಿದ ಮೇಲೆ ಅಪ್ಪ ಬಲೆ ಹರಡುತ್ತಾರೆ.

ಮೀನಿಗೆ ಹೊರಟರೆ ಅಲ್ಲೂ ನಾನು ಬೇಕು. ಸೆಲ್ಫ್ ಒತ್ತುವ ಮುಂಚೆ ಸ್ವಿಚ್ಚನ್ನು ಇಂಜಿನ್ ಕಡೆ ತಿರುಗಿಸಿ ಬ್ಯಾಟರಿಯಿಂದ ಫ್ರಿಜ್ಜನ್ನು ಬಿಡಿಸಬೇಕು, ಇಂಜಿನ್ ಹತ್ತಿದ ಮೇಲೆ ಅದು ಮತ್ತೆ ಓಡುತ್ತದೆ. ಬಲೆ ಎಳೆಯಲು ಇಂಜಿನ್ ನಿಲ್ಲಿಸಿದರೆ ಮತ್ತೆ ಬಿಸಿಲು. ಮೋಡ ಮುಚ್ಚಿದರೆ ಇಂಜಿನ್ ಹಾಕಿ ಎಂದು ನಾನು, ಇಂಜಿನ್ ಸದ್ದಿಗೆ ಮೀನು ಓಡುತ್ತದೆ ಎಂದು ಅಪ್ಪ. ನಾನು ಪುಸ್ತಕ ಹಿಡಿದು ಹಿಂದಿನ ಸೀಟಿನಲ್ಲಿ ಕೂತಿರುತ್ತೇನೆ, ಆದರೆ ಕಿವಿಯೆಲ್ಲ ಸೀಟಿನ ಕೆಳಗೇ. ಫ್ರಿಜ್ಜಿನ ಗುಂಯ್ ಎನ್ನುವ ಸದ್ದಿನಲ್ಲಿ ಎಷ್ಟು ಬಗೆಯಿದೆ ಎಂದು ಈಗ ನನಗೆ ತಿಳಿಯುತ್ತದೆ. ಈ ತಿಳಿವಳಿಕೆ ನನಗೆ ಬೇಕಿರಲಿಲ್ಲ ಅಣ್ಣ.

ಕನಕಪುರದ ಆದೇಶ ಬಂದ ಮೇಲೆ ಅಪ್ಪನಿಗೆ ಕಲಿಸಲು ಕೂತೆ. ನಾನು ತೋರಿಸಿದ್ದಕ್ಕೆಲ್ಲ ಹೂಂ ಎಂದರು. ತಿರುಗಿಸಿ ತೋರಿಸಿ ಎಂದರೆ ಸರಿಯಾಗಿ ತಿರುಗಿಸಿದರು. ಕೆರೆಯ ಮೀನಿನ ನಡೆಯನ್ನು ನೀರಿನ ಮೇಲಿನ ಗುಳ್ಳೆ ನೋಡಿ ಹೇಳುವವರಿಗೆ ಇದು ಯಾವ ದೊಡ್ಡ ವಿದ್ಯೆ ಎಂದುಕೊಂಡು, ಮಂಗಳವಾರ ನಾನು ಅಂಕಪಟ್ಟಿಯ ಕೆಲಸಕ್ಕೆ ರಾಮನಗರಕ್ಕೆ ಹೋದೆ. ಅದು ನನ್ನ ಪರೀಕ್ಷೆಯ ದಿನ ಎಂದೇ ಇಟ್ಟುಕೊಂಡಿದ್ದೆ. ನಾನಿಲ್ಲದೆ ಒಂದು ದಿನ ಸರಿಯಾಗಿ ನಡೆದರೆ ಸೋಮವಾರ ನಿಶ್ಚಿಂತೆಯಿಂದ ಹೊರಡಬಹುದು. ಸಂಜೆ ಬಸ್ಸಿಳಿದು ಕೆರೆ ಏರಿಯ ಮೇಲೆ ನಡೆದು ಬರುತ್ತಿದ್ದೇನೆ, ಇಂಜಿನ್ ಹತ್ತದೆ ದೋಣಿ ನಡುನೀರಿನಲ್ಲಿ ನಿಂತಿದೆ. ಅಪ್ಪ ಬಲೆ ಎಳೆಯುವ ಬಿದಿರು ಗಳುವಿನಿಂದ ನೀರು ಬಗೆದು ಬಗೆದು ಬರುತ್ತಿದ್ದಾರೆ, ದೋಣಿ ಒಂದು ಮಾರು ಬಂದರೆ ಗಾಳಿ ಅರ್ಧ ಮಾರು ಹಿಂದಕ್ಕೆ ತಳ್ಳುತ್ತದೆ. ಅವ್ವ ದಡದಲ್ಲಿ ಸೆರಗು ಬಾಯಿಗೆ ಹಿಡಿದು ನಿಂತಿದ್ದಾಳೆ. ಪಕ್ಕದಲ್ಲಿ ಹಫೀಜಾ, ಗಾಡಿಗೆ ಒರಗಿಕೊಂಡು.

ದೋಣಿ ಮುಟ್ಟಿದ ಮೇಲೆ ಹಫೀಜಾ ಫ್ರಿಜ್ಜಿನ ಬಾಗಿಲು ತೆಗೆದರು. ಒಂದು ಕಾಟ್ಲಾ ಎತ್ತಿ ಕಿವಿರು ಬಿಡಿಸಿ ನೋಡಿದರು, ಹೊಟ್ಟೆಯನ್ನು ಹೆಬ್ಬೆರಳಿನಿಂದ ಒತ್ತಿದರು. ಒತ್ತಿದ ಗುಳಿ ಹಾಗೇ ಉಳಿಯಿತು. "ಏನ್ ಗೌಡ್ರೇ, ಮೀನ್ಗೆ ಬಿಸ್ನೀರ್ ಸ್ನಾನ ಮಾಡ್ಸಿದ್ದೀರಾ?" ಎಂದರು. ಅಪ್ಪ ಬಗ್ಗಿ ದೋಣಿಯ ಹಗ್ಗ ಗೂಟಕ್ಕೆ ಕಟ್ಟತೊಡಗಿದರು. "ನಾನ್ ಐಸ್ ಬಾಕ್ಸ್ ಕೊಡ್ತೀನಿ ಅಂದಾಗ ಬ್ಯಾಡ ಅಂದ್ರಿ. ನಮ್ ಹಡಗಲ್ಲಿ ಫ್ರಿಜ್ ಐತೆ ಅಂದ್ರಿ. ಇದನ್ನ ತಗೊಂಡೋಗಿ ನಾನ್ ಯಾರ್ ಮನೆ ಬಾಗ್ಲಲ್ಲಿ ಬೈಸ್ಕೊಳ್ಲಿ?" ಎಂದು ಮೀನನ್ನು ಮೆಲ್ಲಗೆ, ಎಸೆಯದೆ, ವಾಪಸ್ಸು ಇಟ್ಟರು. ಅವರು ಎಸೆದಿದ್ದರೆ ಅಪ್ಪನಿಗೆ ಇನ್ನೂ ಹಗುರವಾಗುತ್ತಿತ್ತು ಎಂದು ನನಗೆ ಅನ್ನಿಸಿತು.

ನಾನು ಸ್ವಿಚ್ಚು ನೋಡಿದೆ. ಸರಿಯಾದ ಕಡೆಯೇ ಇತ್ತು. ಪ್ಯಾನೆಲ್ಲಿನ ಮೇಲೆ ಅವತ್ತು ಸಂಡಿಗೆಯೂ ಇರಲಿಲ್ಲ. ಅಪ್ಪ ನಾನು ಹೇಳಿಕೊಟ್ಟ ಹಾಗೇ ಮಾಡಿದ್ದರು, ಆದರೂ ಬ್ಯಾಟರಿ ನೀರನ್ನೂ ಕೇಳದ ಕಾಯಿಲೆ ಕರುವಿನ ಹಾಗೆ ಸುಮ್ಮನೆ ಬಿದ್ದಿತ್ತು. ಬುಧವಾರ ಅದನ್ನು ಬಿಚ್ಚಿ ಅಪ್ಪನ ಬೈಕಿನಲ್ಲಿಟ್ಟುಕೊಂಡು ಇಬ್ಬರೂ ಮಾಗಡಿಗೆ, ಇದ್ರೀಸ್ ಅವರ ಬ್ಯಾಟರಿ ಅಂಗಡಿಗೆ ಹೋದೆವು. ಅವರು ಮುಳ್ಳಿನ ಮೀಟರು ಹಚ್ಚಿ ನೋಡಿ, ಇದನ್ನು ಎಷ್ಟು ಸಲ ಪೂರ್ತಿ ಖಾಲಿ ಮಾಡಿದ್ದೀರಿ ಎಂದು ಕೇಳಿದರು. ಯಾವತ್ತೂ ಇಲ್ಲ ಎಂದು ನಾನು ಹೇಳುವುದಕ್ಕೂ, "ಅಮಾಸೆಗೆ ಒಂದ್ಸಲ, ಉಣ್ಣಿಮೆಗೆ ಒಂದ್ಸಲ," ಎಂದು ಅಪ್ಪ ಹೇಳುವುದಕ್ಕೂ ಸರಿಹೋಯಿತು. ಹೇಳುವಾಗ ಅವರ ಮುಖದಲ್ಲಿ ಒಂದು ಸಂತೋಷವೇ ಇತ್ತು, ತಾವು ಮಾಡುವ ಆರೈಕೆಯನ್ನು ಯಾರೋ ಕೊನೆಗೂ ಗುರುತಿಸಿದರು ಎನ್ನುವ ಹಾಗೆ.

ಅಮಾವಾಸ್ಯೆ ಹುಣ್ಣಿಮೆಗೆ ನಾವು ಬಲೆ ಹಾಕುವುದಿಲ್ಲ, ನಾನು ದೋಣಿಯ ಕಡೆ ಹೋಗುವುದಿಲ್ಲ. ಆ ದಿನಗಳಲ್ಲಿ ಅಪ್ಪ ಒಬ್ಬರೇ ಹೋಗಿ, ಪ್ಯಾನೆಲ್ಲಿಗೆ ಗೋಣಿತಾಟು ಮುಚ್ಚಿ, ಖಾಲಿ ಫ್ರಿಜ್ಜು, ದೀಪ ಎಲ್ಲ ಹಾಕಿ, ಬ್ಯಾಟರಿ ಪೂರ್ತಿ ಸಾಯುವವರೆಗೆ ಬಿಟ್ಟು, ಆಮೇಲೆ ತಾಟು ತೆಗೆಯುತ್ತಿದ್ದರಂತೆ. ಯಾಕಪ್ಪಾ ಎಂದೆ. "ಅಲ್ಲ ಕಣಮ್ಮಿ, ಬಾವೀನ ತಳ ಕಾಣೋವರ್ಗೂ ಸೇದಾಕುದ್ರೆ ತಾನೇ ಒಸಾ ಜಲ ಬಿಡೋದು? ಅರ್ಧ ಸೇದಿ ಅರ್ಧ ಬುಟ್ರೆ ಊಟೆ ಮುಚ್ಚೋಯ್ತದೆ. ನಿಮ್ಮಣ್ಣನೇ ಯೋಳ್ಕೊಟ್ನಲ್ಲ, ಬ್ಯಾಟ್ರಿ ಅಂದ್ರೆ ಬಾವಿ ಇದ್ದಂಗೆ ಅಂತ," ಎಂದರು.

ನೀನು ಹೇಳಿದ್ದು ನಿಜ ಅಣ್ಣ, ನಾನೂ ಅಲ್ಲೇ ಇದ್ದೆ. ಬ್ಯಾಟರಿ ಬಾವಿ ಇದ್ದ ಹಾಗೆ ಅಪ್ಪ, ಬಿಸಿಲು ತುಂಬಿಸುತ್ತದೆ, ನಾವು ಸೇದಿಕೊಳ್ಳುತ್ತೇವೆ, ಅಷ್ಟೇ ಎಂದಿದ್ದೆ. ಎಷ್ಟು ಚೆನ್ನಾಗಿ ಹೇಳಿದ ಎಂದು ನಾನು ಮೆಚ್ಚಿಕೊಂಡಿದ್ದೆ ಕೂಡ. ಐದು ವರ್ಷ ಉಪಮೆಗಳನ್ನೇ ಓದಿದವಳಿಗೆ, ಬಾವಿ ಎಂಬ ಮಾತು ಬಾವಿ ತೋಡಿದವರ ಕಿವಿಗೆ ಬಿದ್ದರೆ ಏನಾಗುತ್ತದೆ ಎಂದು ಹೊಳೆಯಲಿಲ್ಲ. ನಿನಗೆ ಬಾವಿ ಎಂದರೆ ತುಂಬುವುದು, ಸೇದುವುದು. ಅವರಿಗೆ ಬಾವಿ ಎಂದರೆ ಬೇಸಿಗೆಯಲ್ಲಿ ಬತ್ತಿಸಿ, ಹೂಳು ತೆಗೆದು, ತಳದಲ್ಲಿ ಹೊಸ ನೀರಿನ ಊಟೆ ಒಡೆಯುವವರೆಗೆ ಕಾಯುವುದು. ನೀನು ಒಂದು ಮಾತಿನಲ್ಲಿ ಮುಗಿಸಿ ಹೊರಟೆ, ಅವರು ಅದನ್ನು ಶ್ರದ್ಧೆಯಿಂದ ಕೊನೆಯವರೆಗೂ ಪಾಲಿಸಿದರು.

ಇದ್ರೀಸ್ ನಕ್ಕರು. ಅಪ್ಪನಿಗೆ ಬೇಸರವಾಯಿತು ಎಂದು ಗೊತ್ತಾದ ಮೇಲೆ ನಗು ನಿಲ್ಲಿಸಿ ಚಹಾ ತರಿಸಿದರು. ಬ್ಯಾಟರಿಯನ್ನು ತುಂಬಾ ಸಲ ಬರಿದು ಮಾಡಿದರೆ ಒಳಗಿನ ಪ್ಲೇಟುಗಳು ಹಾಳಾಗುತ್ತವೆ, ಮತ್ತೆ ಎಷ್ಟು ತುಂಬಿದರೂ ಹಿಡಿಯುವುದಿಲ್ಲ ಎಂದರು. "ಇದ್ರಲ್ಲಿ ಇರೋ ಜೀವ ಇಂಜಿನ್ ಎಬ್ಸಕ್ಕೆ ಸಾಕು, ಫ್ರಿಜ್ಗೂ ಕೊಡ್ತೀನಿ ಅಂದ್ರೆ ಎರಡೂ ಇಲ್ಲ. ಒಂದ್ ಇಟ್ಕೊಳ್ಳಿ, ಒಂದ್ ಬಿಡಿ ಗೌಡ್ರೇ." ಹೊಸದು ಈಗಲೇ ಕೊಳ್ಳುವ ಮಾತನ್ನು ಅಪ್ಪ ಕೇಳಿಸಿಕೊಳ್ಳಲೇ ಇಲ್ಲ. ದಾರಿಯುದ್ದಕ್ಕೂ ಒಂದೇ ಮಾತು: ಅಂಗಡಿಯವನು ಮಾರುವುದಕ್ಕೆ ಹೇಳುತ್ತಾನೆ, ನನ್ನ ಮಗ ಹಡಗಿನ ಕರೆಂಟು ನೋಡುವವನು, ಅವನಿಗಿಂತ ಇವನಿಗೆ ಗೊತ್ತಾ? ನಾನು ಹಿಂದೆ ಕೂತು, ಬ್ಯಾಟರಿಯನ್ನು ತಬ್ಬಿಕೊಂಡು, ಇದ್ರೀಸ್ ಹೇಳಿದ್ದೇ ಸರಿ ಎಂದೆ. ಗಾಳಿಗೆ ಕೇಳಿಸಲಿಲ್ಲವೋ, ಕೇಳಿಸದ ಹಾಗೆ ಇದ್ದರೋ. ಮನೆಗೆ ಬಂದು ಮತ್ತೆ ಹೇಳಿದೆ. "ನೀನ್ ಓದಿರೋದು ಕತೆ ಪುಸ್ತಕ ಕಣವ್ವ," ಎಂದರು. ಕೋಪದಿಂದಲ್ಲ, ಸಮಾಧಾನ ಹೇಳುವ ದನಿಯಲ್ಲಿ. ಅದಕ್ಕೇ ಇನ್ನೂ ಉರಿಯಿತು.

ನಿನ್ನೆ ಅವರು ಬ್ಯಾಟರಿ ಮತ್ತೆ ಜೋಡಿಸಿ, ಫ್ರಿಜ್ಜನ್ನೂ ಜೋಡಿಸಿ ಬಲೆಗೆ ಹೋದರು. ನಾನೂ ಜೊತೆಗೆ ಹೋದೆ, ಹೋಗದಿದ್ದರೆ ಅವರು ಮತ್ತೆ ಗಳು ಹಾಕಿಕೊಂಡು ಬರಬೇಕಾಗುತ್ತಿತ್ತು. ಪ್ರತಿ ಸಲ ಫ್ರಿಜ್ಜು ಆರಿಸಿ, ಇಂಜಿನ್ ಎಬ್ಬಿಸಿ, ಸ್ವಲ್ಪ ಓಡಿಸಿ, ಮತ್ತೆ ಫ್ರಿಜ್ಜು ಹಾಕಿ, ಅದು ನರಳಿದ ಕೂಡಲೇ ಆರಿಸಿ, ಹೇಗೋ ಸಂಜೆಯವರೆಗೆ ತಳ್ಳಿದೆ. ಹಫೀಜಾ ಮೀನು ತೆಗೆದುಕೊಂಡರು. ಅಪ್ಪ ನನ್ನ ಕಡೆ ತಿರುಗಿ, "ನೋಡ್ದಾ, ನೀನಿದ್ರೆ ಎಲ್ಲಾ ಸರಿಯಾಗ್ತದೆ," ಎಂದರು. ಅಣ್ಣ, ಅಷ್ಟು ಪ್ರೀತಿಯ ಮಾತನ್ನು ಅವರು ನನಗೆ ಹೇಳಿ ಎಷ್ಟು ಕಾಲವಾಗಿತ್ತೋ. ನನಗೆ ಅಳು ಬಂತು, ಅದು ಸಂತೋಷಕ್ಕಲ್ಲ. ಆ ಮಾತಿನಲ್ಲಿ ಕನಕಪುರ ಎಲ್ಲೂ ಇರಲಿಲ್ಲ.

ನಿನ್ನ ಮೇಲೆ ನನಗೆ ಸಿಟ್ಟಿದೆ. ನಿನ್ನ ಹಡಗಿನಲ್ಲಿ ಕೋಣೆಯಷ್ಟು ದೊಡ್ಡ ಫ್ರಿಜ್ಜು ಇದೆ, ಅದಕ್ಕೆ ಜನರೇಟರು ಇದೆ, ಅದು ಕೆಟ್ಟರೆ ಇನ್ನೊಂದು ಜನರೇಟರು ಇದೆ, ಪಾಳಿಯ ಪ್ರಕಾರ ನೋಡಿಕೊಳ್ಳುವ ಜನ ಇದ್ದಾರೆ ಎಂದು ನೀನೇ ಫೋಟೋ ಕಳಿಸಿದ್ದೆ. ಇಲ್ಲಿ ಆ ಎಲ್ಲದರ ಜಾಗದಲ್ಲಿ ನನ್ನನ್ನು ಇಟ್ಟು ಹೋಗಿದ್ದೀಯ. ನಿನ್ನ ವೈರಿಂಗಿನಲ್ಲಿ ತಪ್ಪಿಲ್ಲ, ಆದರೆ ಅದು ಓಡಬೇಕಾದರೆ ಒಬ್ಬರು ಸದಾ ಪಕ್ಕದಲ್ಲಿ ಕೂತಿರಬೇಕು, ಆ ಒಬ್ಬರು ಯಾರು ಎಂದು ನೀನು ಕೇಳಲೇ ಇಲ್ಲ.

ಇನ್ನು ನೀನು ಮಾಡಬೇಕಾದ್ದು. ಬಂದರಿಗೆ ಬಂದ ಕೂಡಲೇ ಅಪ್ಪನಿಗೆ ಫೋನ್ ಮಾಡಿ, ಬ್ಯಾಟರಿಯನ್ನು ಬತ್ತಿಸಬಾರದು ಎಂದು ನಿನ್ನ ಬಾಯಿಂದಲೇ ಹೇಳು. ಬೇರೆ ಯಾವ ಹೋಲಿಕೆಯನ್ನೂ ಕೊಡಬೇಡ. ದನ ಎನ್ನಬೇಡ, ಕಣಜ ಎನ್ನಬೇಡ. ಅವರಿಗೆ ಅವೆಲ್ಲ ನಮಗಿಂತ ಚೆನ್ನಾಗಿ ಗೊತ್ತು, ಅದರಿಂದ ಇನ್ನೇನು ಹೊರಡಿಸುತ್ತಾರೋ ಹೇಳಲಾಗದು. ಮಾಡಬೇಡಿ ಅಪ್ಪ ಎಂದಷ್ಟೇ ಹೇಳು, ನೀನು ಹೇಳಿದರೆ ಕೇಳುತ್ತಾರೆ. ಫ್ರಿಜ್ಜಿಗೆ ಬೇರೆಯೇ ಬ್ಯಾಟರಿಯ ಏರ್ಪಾಡು ಮಾಡು, ಇಲ್ಲವೇ ರಜೆ ಹಾಕಿ ಬಾ. ನಾನು ಸೋಮವಾರ ಮೊದಲ ಬಸ್ಸಿಗೆ ಹೊರಡಬೇಕೆಂದಿದ್ದೇನೆ. ಅದು ನಿಲ್ಲುವುದು ಕೆರೆಯ ಆಚೆ ದಡದಲ್ಲಿ, ಏರಿ ಸುತ್ತಿಕೊಂಡು ಪೆಟ್ಟಿಗೆ ಹೊತ್ತು ಹೋದರೆ ಸಿಗುವುದಿಲ್ಲ ಎಂದು ನಿನಗೆ ಗೊತ್ತು. ದೋಣಿಯಲ್ಲಿ ದಾಟಿಸಿ ಎಂದು ಅಪ್ಪನನ್ನು ಕೇಳಲು ನನಗೆ ಇನ್ನೂ ಬಾಯಿ ಬಂದಿಲ್ಲ. ನಾಳೆ ಕೇಳುತ್ತೇನೆ ಎಂದು ಎರಡು ದಿನದಿಂದ ಹೇಳಿಕೊಳ್ಳುತ್ತಿದ್ದೇನೆ.

ಮಳೆಯಲ್ಲಿ ಡೆಕ್ಕಿನ ಮೇಲೆ ವೈರು ಮುಟ್ಟುವಾಗ ಕೈಗವಸು ಹಾಕಿಕೋ. ಊಟ ಹೊತ್ತಿಗೆ ಸರಿಯಾಗಿ ಮಾಡು, ಕೆಮ್ಮು ಬಿಡದಿದ್ದರೆ ಡಾಕ್ಟರಿಗೆ ತೋರಿಸು. ಅಪ್ಪ, ಅವ್ವನ ಆಶೀರ್ವಾದ ನಿನಗಿದೆ. ಸಿಟ್ಟಿನಲ್ಲಿ ಬರೆದಿದ್ದರೂ ಪ್ರೀತಿಗೆ ಕಡಿಮೆಯಿಲ್ಲ.

ನಿನ್ನ ತಂಗಿ,
ಶ್ವೇತ

ಇನ್ನೊಂದು ಮಾತು: ಕಾಗದ ಮಡಿಸಿ ಅಂಟಿಸುವಷ್ಟರಲ್ಲಿ ಅವ್ವ ಬಂದು ಕೂತು ಒಂದು ಸುದ್ದಿ ಹೇಳಿದಳು, ಅದಕ್ಕೇ ಅಂಚಿನಲ್ಲಿ ಅವಸರವಾಗಿ ಬರೆಯುತ್ತಿದ್ದೇನೆ. ಇವತ್ತು ಮಧ್ಯಾಹ್ನ ಅಪ್ಪ ಫ್ರಿಜ್ಜಿನ ಎರಡು ವೈರುಗಳನ್ನು ತಾವೇ ಬಿಚ್ಚಿ ಟೇಪು ಸುತ್ತಿಬಿಟ್ಟಿದ್ದಾರೆ. ನಾಳೆಯಿಂದ ಐಸ್ ಬಾಕ್ಸ್ ತನ್ನಿ ಎಂದು ಹಫೀಜಾ ಅವರಿಗೆ ಫೋನ್ ಮಾಡಿದರಂತೆ, ಅವರು ಎರಡು ಮಾತು ಆಡಿ ನಕ್ಕಿದ್ದನ್ನೂ ಸುಮ್ಮನೆ ಕೇಳಿಸಿಕೊಂಡರಂತೆ. ಯಾಕೆ ಎಂದು ಅವ್ವ ಕೇಳಿದ್ದಕ್ಕೆ, "ಸೋಮಾರ ಎಣ್ಮಗೀನ ಆಚೆ ದಡುಕ್ ಬುಡ್ಬೇಕಲ್ಲ, ಇಂಜಿನ್ ಒಂದೇ ಏಟ್ಗೆ ಏಳ್ಬೇಕು," ಎಂದರಂತೆ. ನನಗೆ ಇನ್ನೂ ಏನೂ ಹೇಳಿಲ್ಲ, ನಾನೂ ಕೇಳಿಲ್ಲ. ಅಣ್ಣ, ನೀನು ಫೋನ್ ಮಾಡಿದಾಗ ಫ್ರಿಜ್ಜು ಹೇಗಿದೆ ಎಂದು ದಯವಿಟ್ಟು ಕೇಳಬೇಡ. ಶ್ವೇತಳಿಗೆ ಬಸ್ಸು ಸಿಕ್ಕಿತಾ ಎಂದು ಕೇಳು.